ಒನಕೆಯ ಪಣ

ನನ್ನ ಬಲಭುಜ ಈಗ ನನ್ನದಲ್ಲ, ನನ್ನ ಅತ್ತೆಯದು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಒಂದು ವಾರಕ್ಕೆಂದು ಕುಮಾಸಿಯ ನಮ್ಮ ಮನೆಗೆ ಬಂದ ದೂಫಿ ಅತ್ತೆಗೆ ಇಲ್ಲಿ ಆರು ತಿಂಗಳಾಯಿತು. ಪೊರೆ ಹೋಗಿ ಐದೂವರೆ ತಿಂಗಳಾಯಿತು, ಅತ್ತೆ ಹೋಗಲಿಲ್ಲ. ಅದಕ್ಕೆ ನನ್ನ ತಕರಾರಿಲ್ಲ (ಇದ್ದರೂ ಕೇಳುವವರಾರು?). ತಕರಾರೆಲ್ಲ ಫುಫು ಎಂಬ ಕುಟ್ಟಿದ ಮುದ್ದೆಯದು.

ದಿನಾ ಮಧ್ಯಾಹ್ನ ಬೆಂದ ಮರಗೆಣಸು, ಬಾಳೆಕಾಯಿ ಒರಳಿಗೆ ಬೀಳುತ್ತವೆ. ನಾನು ಆಳೆತ್ತರದ ಒನಕೆ ಹಿಡಿದು ಕುಟ್ಟಬೇಕು. ನನ್ನ ಧರ್ಮಪತ್ನಿ ನ್ಯಾರ್ಕೋವಾ ಮುಕ್ಕಾಲಿಯ ಮೇಲೆ ಕೂತು, ಎರಡು ಏಟುಗಳ ನಡುವೆ ಕೈ ಹಾಕಿ ಮುದ್ದೆ ಮಗುಚುತ್ತಾಳೆ. ಅಮ್ಮನಿಗೆ ಹಲ್ಲಿಲ್ಲ, ಇನ್ನೂ ನುಣ್ಣಗಾಗಲಿ ಎಂಬುದು ಆಕೆಯ ನಿತ್ಯಮಂತ್ರ. ಮೂವತ್ತೈದು ವರ್ಷ ಲಾರಿ ಓಡಿಸಿದಾಗಲೂ ನಾನು ಇಷ್ಟು ದಣಿದಿರಲಿಲ್ಲ. ಕುಟ್ಟಿದ ಮೇಲೆ ಜಗಲಿಯಲ್ಲಿ ಒಬ್ಬನೇ ಉಂಡು ಮಲಗುತ್ತೇನೆ. ತಾಯಿ ಮಗಳು ಅಡುಗೆಮನೆಯಲ್ಲಿ ಉಣ್ಣುತ್ತಾರೆ. ಅಲ್ಲಿ ಇಣುಕುವುದು ನಮ್ಮಲ್ಲಿ ಗಂಡಸಿಗೆ ಭೂಷಣವಲ್ಲ.

ಹೋದ ಗುರುವಾರ ಅಂಗಿಯ ತೋಳಿಗೆ ಕೈ ತೂರಿಸಲೂ ಆಗದೆ ಕೂತಿದ್ದಾಗ ನನಗೆ ಜ್ಞಾನೋದಯವಾಯಿತು. ಓವಾರೆ ಎಂಬ ಕುಳಿಮಣೆಯ ಆಟ! ಲಾರಿ ನಿಲ್ದಾಣದ ಬೇವಿನ ಮರದಡಿ ಆ ಮಣೆಯ ಮುಂದೆ ನನ್ನನ್ನು ಸೋಲಿಸಿದವರಿಲ್ಲ. ಅತ್ತೆಯ ಮುಂದೆ ಪಣವಿಟ್ಟೆ: ನಾನು ಗೆದ್ದರೆ ಫುಫು ಭಾನುವಾರ ಮಾತ್ರ, ಮಿಕ್ಕ ದಿನ ಅಂಗಡಿಯಲ್ಲಿ ಸಿಗುವ ಜೋಳದ ಕೆಂಕಿ ಉಂಡೆ, ಅವರು ಗೆದ್ದರೆ ನಾನು ಬಾಯಿ ಮುಚ್ಚಿಕೊಂಡು ದಿನಾ ಕುಟ್ಟುವುದು. ಅತ್ತೆ ಮಗಳ ಮುಖ ನೋಡಿದರು. ಮಗಳು ತಲೆಯಾಡಿಸಿದಳು.

ಮುದುಕಿ ಆಟ ಮರೆತಿರಬಹುದೆಂದು ನಾನು ಶಾಸ್ತ್ರೋಕ್ತವಾಗಿ ಪಾಠ ಹೇಳಿದೆ. ಇಬ್ಬರಿಗೂ ಆರಾರು ಕುಳಿ, ಅಂದರೆ ಮನೆ. ಮನೆಗೆ ನಾಲ್ಕು ಕಾಳು. ನಮ್ಮ ಒಂದು ಮನೆಯ ಕಾಳನ್ನೆಲ್ಲ ಬಾಚಿ, ಬಲಕ್ಕೆ ಸುತ್ತುತ್ತ ಮನೆಗೊಂದರಂತೆ ಬಿತ್ತಬೇಕು. ಕೊನೆಯ ಕಾಳು ಎದುರಿನವರ ಮನೆಗೆ ಬಿದ್ದು ಅಲ್ಲಿ ಎರಡೋ ಮೂರೋ ಆದರೆ ಅವು ನಮ್ಮವು; ಅದರ ಬೆನ್ನಿಗೇ ಇರುವ ಮನೆಗಳಲ್ಲೂ ಎರಡು ಮೂರು ಇದ್ದರೆ ಅವೂ ನಮ್ಮವು. ಇಪ್ಪತ್ತೈದು ಕಾಳು ಸೇರಿದರೆ ಗೆಲುವು. ಆದರೆ ಎದುರಿನವರ ಕಾಳನ್ನೆಲ್ಲ ಒಂದೇ ಏಟಿಗೆ ಬಾಚಿ ಅವರನ್ನು ಉಪವಾಸ ಕೆಡವುವಂತಿಲ್ಲ. ಹಾಗೆ ಬಿತ್ತಿದರೆ ಒಂದು ಕಾಳೂ ದಕ್ಕದು, ಎಲ್ಲ ಅಲ್ಲೇ ಬಿಡಬೇಕು. ಈ ಕೊನೆಯ ಮಾತನ್ನು ಬೆರಳೆತ್ತಿ ಎರಡು ಸಲ ಹೇಳಿದೆ. ಅತ್ತೆ ಸಾವಧಾನವಾಗಿ ಕೇಳಿಸಿಕೊಂಡರು.

ಆಟ ನನ್ನ ಕಡೆಗೇ ವಾಲಿತು. ನಾನು ಇಪ್ಪತ್ತು, ಅತ್ತೆ ಹದಿನೆಂಟು. ಅವರ ಕಡೆ ಮೊದಲ ಮೂರು ಮನೆಗಳಲ್ಲಿ ಒಂದೊಂದೇ ಕಾಳು, ಮಿಕ್ಕವು ಖಾಲಿ. ನನ್ನ ಕೊನೆಯ ಮನೆಯಲ್ಲಿ ಸರಿಯಾಗಿ ಮೂರು. ಭುಜದ ನೋವು ಆಗಲೇ ಅರ್ಧ ಇಳಿದಂತಾಯಿತು. ಟಕ್ ಟಕ್ ಟಕ್ ಎಂದು ಬಿತ್ತಿ, ಎರಡೆರಡಾದ ಆರೂ ಕಾಳುಗಳನ್ನು ಬಾಚಿ, ಎದೆಯುಬ್ಬಿಸಿದೆ.

ಅತ್ತೆ ಬೇಸರದಿಂದೆಂಬಂತೆ ಆಕಳಿಸಿದರು. "ಅಳಿಯಾ ಓಬಿರಿ, ನನ್ನ ಕಡೆ ಒಂದು ಕಾಳೂ ಉಳಿಸಲಿಲ್ವಲ್ಲಪ್ಪಾ. ಏನೋ ನಿಯಮ ಹೇಳಿದ್ದೆ ನೀನು, ಎರಡು ಸಲ."

ಹೇಳಿದ್ದೆ. ಆರು ಕಾಳನ್ನೂ ಒಂದೊಂದಾಗಿ ಮರಳಿ ಇಟ್ಟೆ. ಆಸೆಬುರುಕ ಅಂದರೆ ನಾನೇ. ಅದೇ ಕಾಳುಗಳನ್ನು ಅತ್ತೆ ಎಷ್ಟು ಸಾವಕಾಶವಾಗಿ ಸುತ್ತಿಸಿದರೆಂದರೆ, ನನ್ನ ಕೈಗೆ ಸಿಕ್ಕಿದ್ದು ಎರಡು, ಅವರ ಮಡಿಲಿಗೆ ಬಿದ್ದದ್ದು ಎಂಟು. ಇಪ್ಪತ್ತಾರು, ಇಪ್ಪತ್ತೆರಡು. ಮುಗಿಯಿತು.

ನನಗೆ ಅಳು ಬರುವುದೊಂದು ಬಾಕಿ. "ಅತ್ತೇ, ದಿನಾ ಅದೇ ಫುಫು ತಿಂದು ನಿಮಗೆ ಬೇಜಾರಾಗಲ್ವಾ?" ಎಂದು ಕೇಳಿಯೇಬಿಟ್ಟೆ.

"ನಾನೆಲ್ಲಿ ತಿಂತೀನಪ್ಪಾ? ಬಂದ ದಿನ ತಿಂದೆ, ಹೊಟ್ಟೆ ಕಲ್ಲಾಯ್ತು. ಅವತ್ತಿನಿಂದ ನಂದು ಜೋಳದ ಗಂಜಿ."

"ಮತ್ತೆ ಅಷ್ಟು ಹಟ ಹಿಡಿದು ಗೆದ್ದಿದ್ದು?"

"ಹೆತ್ತ ಕರುಳು ಕೇಳಬೇಕಲ್ಲ. ಇವಳಿಗೆ ಚಿಕ್ಕಂದಿನಿಂದ ಫುಫು ಅಂದ್ರೆ ಪ್ರಾಣ. ನನ್ನ ಪಾಲಿಂದೂ ಇವಳೇ ತಿನ್ನೋದು."

ನಾನು ಹೆಂಡತಿಯತ್ತ ತಿರುಗಿದೆ. ಆಕೆ ಆಗಲೇ ಒರಳಿನ ಪಕ್ಕ ಮುಕ್ಕಾಲಿ ಹಾಕಿಕೊಂಡು, ಕೈ ಒದ್ದೆ ಮಾಡಿಕೊಂಡು ಕೂತಿದ್ದಳು.

"ಏಳ್ರಿ, ಗೆಣಸು ಆರ್ತಾ ಇದೆ. ಇವತ್ತು ಸ್ವಲ್ಪ ಜಾಸ್ತೀನೇ ಕುಟ್ಟಿ, ನಂಗೆ ತುಂಬಾ ಹಸಿವು."