ಹರಕೆ ಮುಡಿಗೆ ಹದಿನಾರು ರೋಲರ್

ನಟರಾಜುವಿನ ತಲೆಗೂದಲು ನಟರಾಜುವಿನದಾಗಿರಲಿಲ್ಲ. ಬೆಳೆದದ್ದು ಅವನ ತಲೆಯ ಮೇಲೇ ಆದರೂ ಒಡೆತನ ಮಾತ್ರ ಬೆಟ್ಟದ ದೇವರು ಮಾದಪ್ಪನದು. ಎರಡು ವರ್ಷದ ಹಿಂದೆ ಮನೆಯ ಹಸು ಕರು ಹಾಕಲಾರದೆ ಒದ್ದಾಡುತ್ತಿದ್ದಾಗ ಅವನ ತಾಯಿ ಮಲ್ಲಾಜಮ್ಮ ಕೊಟ್ಟಿಗೆಯಲ್ಲೇ ಕೈಮುಗಿದು, “ಹಸ ಸುಸೂತ್ರವಾಗಿ ಈದ್ರೆ ನನ್ ಮಗ ಎರಡೊರ್ಸ ಮುಡಿ ಬುಟ್ಟು ನಿನ್ ಬೆಟ್ಟಕ್ಕೆ ಬತ್ತನೆ ಕಣಪ್ಪ” ಎಂದುಬಿಟ್ಟಿದ್ದಳು. ಹಸು ಐದು ನಿಮಿಷದಲ್ಲಿ ಈದಿತು. ಈದದ್ದು ಹಸು, ಹರಕೆ ಹೊತ್ತದ್ದು ಅವ್ವ, ಕೂದಲು ಬಿಟ್ಟದ್ದು ನಟರಾಜು. ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಈಗ ಕೂದಲು ಹೆಗಲಿಗಿಳಿದಿತ್ತು, ಗಡ್ಡ ಎದೆಗಿಳಿದಿತ್ತು. ಊರಿನ ಹಾಲಿನ ಡೈರಿಯಲ್ಲಿ ಫ್ಯಾಟ್ ಅಳೆಯುವ ಕೆಲಸ ಅವನದು. ಒಂದು ಕೈಯಲ್ಲಿ ಹಾಲು ಅಳೆಯುವುದು, ಇನ್ನೊಂದು ಕೈಯಲ್ಲಿ ತಲೆ ಕೆರೆಯುವುದು, ಎರಡು ವರ್ಷದಿಂದ ಇದೇ ಆಗಿತ್ತು. ಅಂತೂ ಅವಧಿ ಮುಗಿದಿತ್ತು. ಇವತ್ತು ಶುಕ್ರವಾರ. ಸೋಮವಾರ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು, ತಣ್ಣೀರು ಸುರಿದುಕೊಂಡು, ಬೋಳು ತಲೆಗೆ ಗಾಳಿ ಸೋಕಿಸಿಕೊಂಡು ಬರುವುದೊಂದೇ ಅವನ ಜೀವನದ ಆಸೆಯಾಗಿತ್ತು.

ಅವನ ಹೆಂಡತಿ ಪುಷ್ಪಾಳ ಆಸೆ ಬೇರೆ. ಹುಣಸೂರಿನಲ್ಲಿ ಮೂರು ತಿಂಗಳು ಬ್ಯೂಟಿಷಿಯನ್ ತರಬೇತಿಗೆ ಹೋಗಿದ್ದಳು. ಪಾಸಾದರೆ ಮನೆಯ ಮುಂದಿನ ಕೋಣೆಯೇ ಪಾರ್ಲರ್. ಬೋರ್ಡು ಆಗಲೇ ಬರೆಸಿ ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟಿದ್ದಳು. ಇವತ್ತು ಮೂರು ಗಂಟೆಗೆ ಕೊನೆಯ ಪರೀಕ್ಷೆ. ಹಳೇ ಕಾಲದ ಸಿನಿಮಾ ನಾಯಕಿಯರು ಬಿಡುತ್ತಿದ್ದರಲ್ಲ, ಅಲೆ ಅಲೆಯಾದ ಗುಂಗುರು, ಅದನ್ನು ಮಾಡಿ ತೋರಿಸಬೇಕು. ಮನೆಯಲ್ಲೇ ಕೂದಲನ್ನು ರೋಲರಿಗೆ ಸುತ್ತಿ, ಪಿನ್ನು ಹಾಕಿ, ಒಣಗಿಸಿಕೊಂಡು ಬರಬೇಕು. ಬಿಚ್ಚಿ ಬಾಚುವುದು ಪರೀಕ್ಷಕರ ಎದುರಿಗೆ.

ತಲೆ ಕೊಡುತ್ತೇನೆಂದಿದ್ದ ಪಕ್ಕದ ಬೀದಿಯ ಹರ್ಷಿತಾ ಬೆಳಗ್ಗೆ ಐದಕ್ಕೆ ಫೋನ್ ಮಾಡಿ, “ಅಕ್ಕ, ಜ್ವರ” ಎಂದಳು. ಪುಷ್ಪಾ ಹೊಸಿಲ ಮೇಲೆ ಕೂತು ಕಣ್ಣೀರು ಹಾಕಿದಳು. ಹಾಕುತ್ತಾ ಹಾಕುತ್ತಾ ಅವಳ ಕಣ್ಣು ಕಾಫಿ ಕುಡಿಯುತ್ತಿದ್ದ ಗಂಡನ ಹೆಗಲ ಮೇಲೆ ನಿಂತಿತು.

“ರೀ…” ಎಂದಳು.

“ಆಗಲ್ಲ” ಎಂದ ನಟರಾಜು, ವಿಷಯ ಏನೆಂದು ಕೇಳುವ ಮೊದಲೇ.

ಅರ್ಧ ಗಂಟೆಯಲ್ಲಿ ಅವನು ಮಣೆಯ ಮೇಲೆ ಕೂತಿದ್ದ. ಅಗಸೆ ಬೀಜ ಕುದಿಸಿ ಸೋಸಿದ ಲೋಳೆಯನ್ನು ಪುಷ್ಪಾ ಅವನ ತಲೆಗೆ ಸವರಿದಳು. ನೆತ್ತಿಯ ಕೂದಲನ್ನು ಒಂದೊಂದೇ ಹಿಡಿಯಾಗಿ ಎತ್ತಿ ಬಿಗಿಯಾಗಿ ರೋಲರಿಗೆ ಸುತ್ತಿದಳು. ಇದ್ದದ್ದು ಆರು ರೋಲರ್. ಉಳಿದ ಹತ್ತಕ್ಕೆ ಮನೆಗೆ ವೈರಿಂಗ್ ಮಾಡಿಸಿದಾಗ ಮಿಕ್ಕ ಪೈಪನ್ನು ತುಂಡು ಮಾಡಿಕೊಂಡಿದ್ದಳು. ಹಿಂದಲೆಯ ಕೂದಲನ್ನು ಬೆರಳಿಗೆ ಸುತ್ತಿ, ಚಕ್ಕುಲಿಯ ಹಾಗೆ ಬುರುಡೆಗೆ ಒತ್ತಿ, ಎರಡೆರಡು ಪಿನ್ನು ಅಡ್ಡಡ್ಡ ಸಿಕ್ಕಿಸಿದಳು.

“ಮೂರ್ ಗಂಟೆಗಂಟ ಬಿಚ್ಚಂಗಿಲ್ಲ, ನೀರ್ ಸೋಕಂಗಿಲ್ಲ” ಎಂದಳು. “ಮುಖ್ಯವಾಗಿ ಕೆರ್ಕೊಳಂಗಿಲ್ಲ. ಒಂದ್ ಸುರುಳಿ ಸಡ್ಲ ಆದ್ರೂ ಎಲ್ಲಾ ಕೆಟ್ಟೋಯ್ತದೆ.”

ಡೈರಿಗೆ ರಜೆ ಹಾಕುವಂತಿರಲಿಲ್ಲ. ನಟರಾಜು ತಲೆಗೆ ಟವೆಲ್ ಬಿಗಿದುಕೊಂಡು ಹೊರಟ. ಕ್ಯಾನು ಹಿಡಿದು ಮೊದಲು ಬಂದವಳು ಎದುರು ಮನೆಯ ಬೀರಮ್ಮ. ಅವಳು ಹಾಲು ಸುರಿಯುವುದು ಬಿಟ್ಟು ಅವನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಕತ್ತಿನ ಹಿಂದೆ ಒಂದೆಳೆ ಕೂದಲೂ ಇಳಿಬಿದ್ದಿರಲಿಲ್ಲ.

“ನಟರಾಜ, ಮುಡಿ ಎಲ್ಲೋ?”

“ಒಳಗದೆ ಕಣಕ್ಕ.”

“ಅಂಗಾರೆ ಟವಲ್ ಬಿಚ್ಚು, ನೋಡಾನ.”

“ಮೂರ್ ಗಂಟೆಗಂಟ ಬಿಚ್ಚಂಗಿಲ್ಲ ಕಣಕ್ಕ.”

ಬೀರಮ್ಮನಿಗೆ ಅಷ್ಟು ಸಾಕಾಯಿತು. ಹರಕೆಯ ಮುಡಿಯನ್ನು ನಟರಾಜು ಮನೆಯಲ್ಲೇ ಬೋಳಿಸಿಕೊಂಡಿದ್ದಾನೆ ಎಂಬ ಸುದ್ದಿ ಡೈರಿಯಿಂದ ಹೊರಟಿತು. ಅರಳಿಕಟ್ಟೆಗೆ ಬರುವ ಹೊತ್ತಿಗೆ, ಬೋಳಿಸಿದ ಕೂದಲನ್ನು ಪಾತ್ರೆಯವನಿಗೆ ಕೊಟ್ಟು ಸ್ಟೀಲ್ ಬಕೆಟ್ ಈಸಿಕೊಂಡಿದ್ದಾನೆ ಎಂದು ಬೆಳೆಯಿತು. ದುರದೃಷ್ಟಕ್ಕೆ ಹೋದ ವಾರವಷ್ಟೇ ಕೊಂಡಿದ್ದ ಹೊಸ ಬಕೆಟ್ಟೊಂದು ನಟರಾಜುವಿನ ಮನೆಯ ಜಗುಲಿಯಲ್ಲಿ ಥಳಥಳ ಹೊಳೆಯುತ್ತಿತ್ತು. ಹೋಗಿಬರುವವರೆಲ್ಲ ಬಗ್ಗಿ ಅದನ್ನೇ ನೋಡಿಕೊಂಡು ಹೋದರು.

ಹನ್ನೊಂದೂವರೆಯ ಬಸ್ಸಿಗೆ ಮಲ್ಲಾಜಮ್ಮ ಬಂದಿಳಿದಳು. ಅವಳು ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದಳು. ಬೀರಮ್ಮ ಅಲ್ಲಿಗೂ ಫೋನ್ ಮಾಡಿದ್ದಳು. ಮಲ್ಲಾಜಮ್ಮ ದಾರಿಯಲ್ಲೇ ಹುಚ್ಚಯ್ಯನನ್ನೂ ಕರೆದುಕೊಂಡು ಬಂದಿದ್ದಳು. ಇಪ್ಪತ್ತು ವರ್ಷದಿಂದ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗಿಬರುವ ಮುದುಕ ಅವನು. ಮಾದಪ್ಪನ ವಿಷಯದಲ್ಲಿ ಊರಿಗೆ ಅವನು ಹೇಳಿದ್ದೇ ಕಾನೂನು. ಅವರ ಹಿಂದೆ ಬೀರಮ್ಮ, ಬೀರಮ್ಮನ ಹಿಂದೆ ಅರ್ಧ ಬೀದಿ. ಎಲ್ಲರೂ ಬಂದು ನಿಂತದ್ದು, ಆಗಷ್ಟೇ ಡೈರಿಯಿಂದ ಮರಳಿದ್ದ ನಟರಾಜುವಿನ ಮನೆಯ ಜಗುಲಿಯ ಮುಂದೆ.

“ಮಾದಪ್ಪನ್ ಆಸ್ತಿನ ಬಕೀಟಿಗೆ ಮಾರ್ಕೊಂಡ್ಯಲ್ಲೋ ಪಾಪಿ!” ಎಂದು ಮಲ್ಲಾಜಮ್ಮ ಎದೆ ಬಡಿದುಕೊಂಡಳು. “ಹಸಾ ಕರಾ ಉಳಿಯದುಂಟಾ ಇನ್ನ?”

ನಟರಾಜು ಹೆಂಡತಿಯ ಮುಖ ನೋಡಿದ. ಪುಷ್ಪಾ ಆಗಲಿ ಎಂದು ತಲೆಯಾಡಿಸಿದಳು. ಅವನು ಮೆಲ್ಲಗೆ ಟವೆಲ್ ಬಿಚ್ಚಿದ.

ಬೀದಿಯೇ ಕತ್ತು ಚಾಚಿ ನೋಡಿತು. ಹದಿನಾರು ಕೊಳವೆ, ಐವತ್ತು ಪಿನ್ನು, ಕೆಳಗೆ ಎದೆಮಟ್ಟದ ಗಡ್ಡ. ಮೊದಲು ಬಾಯಿಬಿಟ್ಟವಳು ಬೀರಮ್ಮ. “ಅಯ್ಯೋ ಸಿವನೆ! ತಲೆಗೇ ವೈರಿಂಗ್ ಮಾಡಿಸ್ಕೊಂಡವ್ನೆ!”

ನಗು ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಲ್ಲಾಜಮ್ಮ ನಗಲಿಲ್ಲ. ಕೂದಲು ಇದ್ದದ್ದು ನೋಡಿ ಅವಳ ಜೀವ ತಿರುಗಿ ಬಂತು. ಆದರೆ ಮರುಕ್ಷಣವೇ ಪಿನ್ನು ಕಣ್ಣಿಗೆ ಬಿತ್ತು.

“ಹುಚ್ಚಣ್ಣ, ದೇವರ ಮುಡಿಗೆ ಕಬ್ಬಣ ಸೋಕಬೌದಾ?”

ಹುಚ್ಚಯ್ಯ ಕನ್ನಡಕ ಏರಿಸಿಕೊಂಡು ನಟರಾಜುವಿನ ತಲೆಯನ್ನು ತೆಂಗಿನಕಾಯಿ ಆರಿಸುವವನ ಹಾಗೆ ಅತ್ತಿತ್ತ ತಿರುಗಿಸಿ ನೋಡಿದ. “ಕತ್ತರ್ಸಿದ್ರೆ ದೋಸ. ಸುತ್ತಿದ್ರೆ ಯಾವ ದೋಸ? ಮಾದಪ್ಪನ್ದೂ ಸುತ್ತಿದ್ ಜಡೆನೇ ಅಲ್ವಾ? ಬುಡು ತಾಯಿ” ಎಂದು ತೀರ್ಪು ಕೊಟ್ಟ.

ಆದರೂ ಮಲ್ಲಾಜಮ್ಮನಿಗೆ ನಂಬಿಕೆ ಸಾಲಲಿಲ್ಲ. ಪರೀಕ್ಷೆಯಲ್ಲಿ ಯಾರಾದರೂ ಕತ್ತರಿ ಆಡಿಸಿಬಿಟ್ಟರೆ? ಮುಡಿಯ ಕಾವಲಿಗೆಂದು ಅವಳೂ ಹುಣಸೂರಿಗೆ ಹೊರಟಳು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುವುದು ಬಿಟ್ಟು ನಟರಾಜುವಿನ ಟವೆಲ್ಲಿನ ಉಬ್ಬುತಗ್ಗನ್ನೇ ನೋಡುತ್ತಿದ್ದ.

ಪರೀಕ್ಷಕಿ ಮೈಸೂರಿನಿಂದ ಬಂದಿದ್ದ ರೂಪಶ್ರೀ ಮೇಡಂ. “ನಿಮ್ಮ ಮಾಡೆಲ್ ಎಲ್ಲಮ್ಮ?” ಎಂದು ಕೇಳಿದರು.

“ಇವರೇ ಮೇಡಂ. ನಮ್ಮ ಯಜಮಾನ್ರು.”

ಮೇಡಂ ಗಡ್ಡ ನೋಡಿದರು, ನಿಯಮದ ಪುಸ್ತಕ ನೋಡಿದರು. ಕೂದಲು ಎಂಟು ಇಂಚು ಇರಬೇಕೆಂದಿತ್ತು. ಗಡ್ಡ ಇರಬಾರದೆಂದು ಎಲ್ಲೂ ಬರೆದಿರಲಿಲ್ಲ. “ಸರಿ, ಕೂರಿಸಿ” ಎಂದರು.

ನಟರಾಜು ಕನ್ನಡಿಯ ಮುಂದೆ ಕೂತ. ಪುಷ್ಪಾ ಮೊದಲ ರೋಲರ್ ಬಿಚ್ಚಿದ್ದೇ ತಡ, ನೆತ್ತಿಯಲ್ಲಿ ನವೆ ಎದ್ದಿತು. ಅಂಥಿಂಥ ನವೆಯಲ್ಲ. ಅಗಸೆಯ ಲೋಳೆ ಒಣಗಿ, ಕೆಳಗೆ ಬೆವರು ಹರಿದು, ಎರಡು ವರ್ಷದ ನವೆಯೆಲ್ಲ ಒಂದೇ ಜಾಗದಲ್ಲಿ ಸಂತೆ ಸೇರಿದಂತಿತ್ತು. ಅವನ ಕೈ ತಾನಾಗಿ ಮೇಲೆದ್ದಿತು. ಅಷ್ಟರಲ್ಲಿ ಕನ್ನಡಿಯಲ್ಲಿ ಹೆಂಡತಿಯ ಮುಖ ಕಂಡಿತು. ತುಟಿ ಕಚ್ಚಿಕೊಂಡು ಎರಡನೇ ರೋಲರಿಗೆ ಕೈ ಹಾಕಿದ್ದಳು. ಮೂರು ತಿಂಗಳು ಕೊಟ್ಟಿಗೆ, ಒಲೆ ಎರಡನ್ನೂ ಮುಗಿಸಿ ಬಸ್ಸಿಗೆ ಓಡುತ್ತಿದ್ದವಳು ಇವಳು. ನಟರಾಜು ಎತ್ತಿದ ಕೈಯನ್ನು ಇಳಿಸಿ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದ. ಕಣ್ಣಲ್ಲಿ ನೀರು ಬಂದು ಗಡ್ಡಕ್ಕಿಳಿಯಿತು. ಮುಕ್ಕಾಲು ಗಂಟೆ ಅವನು ಅಲುಗಲಿಲ್ಲ.

ಪುಷ್ಪಾ ಬಾಚಣಿಗೆ ಕೆಳಗಿಟ್ಟಾಗ ಅಲೆಯ ಮೇಲೆ ಅಲೆ ಹೆಗಲಿಗೆ ಬಂದು ಕೂತಿತ್ತು. ಹಿಂದಿನಿಂದ ನೋಡಿದರೆ ಹಳೇ ಸಿನಿಮಾದ ನಾಯಕಿ, ಮುಂದಿನಿಂದ ನೋಡಿದರೆ ಜೋಗಯ್ಯ. ಹುಡುಗಿಯರೆಲ್ಲ ಸೆಲ್ಫಿಗೆ ಮುಗಿಬಿದ್ದರು.

“ಪುಷ್ಪಾ, ನೀವೇ ಫಸ್ಟು” ಎಂದರು ಮೇಡಂ. “ಒಂದು ಸುರುಳಿಯೂ ಕದಲಿಲ್ಲ. ಬೇರೆ ಮಾಡೆಲ್‌ಗಳೆಲ್ಲ ತಲೆ ಮುಟ್ಟಿಕೊಂಡು ಕೆಡಿಸಿಕೊಂಡರು. ಫಸ್ಟ್ ಬಂದದ್ದರಲ್ಲಿ ಅರ್ಧ ಪಾಲು ನಿಮ್ಮ ಯಜಮಾನರದು.”

ಬಸ್ಸಿನಲ್ಲಿ ಊರಿಗೆ ಮರಳುವಾಗ ನಟರಾಜು ಬಹಳ ಸಂತೋಷದಲ್ಲಿದ್ದ. “ನಾಳೆ ಒಂದಿನ, ನಾಡಿದ್ದು ಒಂದಿನ. ಸೋಮಾರ ತಲೆ ಹಗುರ!” ಎಂದ.

ಪುಷ್ಪಾ ಸರ್ಟಿಫಿಕೇಟನ್ನು ಎದೆಗೊತ್ತಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. “ಅತ್ತೆಮ್ಮ” ಎಂದಳು ಮೆಲ್ಲಗೆ. “ಒಳಗೆ ಕರೆಯಕ್ ಮುಂಚೆ ಬಾಗಿಲತ್ರ ನಿಂತಿದ್ನಲ್ಲ, ಆಗ ಬೋ ಭಯ ಆಗೋಯ್ತು. ಮಾದಪ್ಪಂಗೆ ಒಂದ್ ಹರಕೆ ಹೊತ್ಕೊಬುಟ್ಟೆ.”

“ಒಳ್ಳೇದೇ ಆಯ್ತು ಬುಡು. ಏನಂತ?”

“ಪಾಸಾದ್ರೆ ಇವರು ಇದೇ ಮುಡಿಯ ಇನ್ನೊಂದೊರ್ಸ ಬುಡ್ತಾರೆ ಅಂತ.”

ನಟರಾಜುವಿನ ಬಾಯಿ ತೆರೆದುಕೊಂಡಿತು. “ನಿನ್ ಕೂದ್ಲ ಹೊತ್ಕೊಳಕ್ಕಾಗ್ನಿಲ್ವ?”

“ನಾನು ಬೋಳ್ ತಲೆ ಮಾಡ್ಕೊಂಡು ಪಾರ್ಲರಲ್ಲಿ ಕುಂತ್ರೆ ಯಾರ್ರೀ ಬತ್ತಾರೆ?”

“ಹೋಗ್ಲಿ, ಒಂದೊರ್ಸ ತಾನೆ” ಎಂದು ಅವನು ತಲೆ ತಗ್ಗಿಸಿದ.

“ಪಾಸಾದ್ರೆ ಒಂದೊರ್ಸ” ಎಂದಳು ಪುಷ್ಪಾ ಇನ್ನೂ ಮೆಲ್ಲಗೆ. “ಫಸ್ಟ್ ಬಂದ್ರೆ ಮೂರು ಅಂದಿದ್ದೆ. ಬತ್ತೀನಿ ಅಂತ ಯಾರ್ ಕಂಡಿದ್ರು?”

ನಟರಾಜು ಕೊನೆಯ ಆಸೆಯಿಂದ ಅವ್ವನ ಕಡೆ ತಿರುಗಿದ. ಮಲ್ಲಾಜಮ್ಮ ಆಗಲೇ ಸೆರಗಿನಿಂದ ಒಂದು ನಾಣ್ಯ ಬಿಚ್ಚಿ ಮುಡಿಪು ಕಟ್ಟುತ್ತಿದ್ದಳು. “ಎರಡ್ ಹರಕೆನೂ ಒಟ್ಗೆ ತೀರ್ಸುಮ ಕಣವ್ವ” ಎಂದು ಸೊಸೆಯ ತಲೆ ಸವರಿದಳು. “ಮಾದಪ್ಪ ಕಾಯ್ತನೆ.”

ಆ ಕುರ್ಚಿಯ ಮೇಲೆ ಒಂದೇ ಒಂದು ಸಲ ಕೆರೆದುಕೊಂಡಿದ್ದರೆ ಫಸ್ಟ್ ತಪ್ಪಿ ಎರಡು ವರ್ಷ ಉಳಿಯುತ್ತಿತ್ತು ಎಂದು ನಟರಾಜುವಿಗೆ ಆಗ ಹೊಳೆಯಿತು. ಹೊಳೆದ ಕೂಡಲೇ ನೆತ್ತಿಯಲ್ಲಿ ಮತ್ತೆ ನವೆ ಎದ್ದಿತು. ಇನ್ನು ಯಾರಪ್ಪನ ಹಂಗು ಎಂದು ಎರಡೂ ಕೈ ಎತ್ತಿದ.

ಪುಷ್ಪಾ ಥಟ್ಟನೆ ಹಿಡಿದುಕೊಂಡಳು. “ಕೆರ್ಕೊಬ್ಯಾಡ್ರೀ, ದಮ್ಮಯ್ಯ! ನಾಳೆ ಪಾರ್ಲರ್ ಬೋರ್ಡಿಗೆ ಇದೇ ತಲೆದು ಫೋಟೋ ತೆಗಿಸ್ಬೇಕು.”