ಉಗುರುಬಣ್ಣದ ಓತಿಕ್ಯಾತ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಹೆಬ್ಬೆರಳು ಗಾತ್ರದ ಒಂದು ಉಗುರುಬಣ್ಣದ ಶೀಸೆ. ಅದು ಸೀಲಪ್ಪನ ಹೆಂಡತಿಯದು. ಹೆಂಡತಿಯ ವಸ್ತು ಮುಟ್ಟಿ ಉದ್ಧಾರವಾದ ಗಂಡಸು ಆ ಬೀದಿಯಲ್ಲಿ ಹಿಂದೆಯೂ ಯಾರೂ ಇರಲಿಲ್ಲ.

ಅವನು ಲೈಬ್ರರಿಯ ಗುಮಾಸ್ತ. ಹೊಸ ಪುಸ್ತಕ ಬಂದರೆ ಬೆನ್ನಿಗೆ ನಂಬರು, ಹೊಟ್ಟೆಗೆ ಸೀಲು. ಗುರುತು ಬೀಳದ ವಸ್ತು ಅವನ ಪಾಲಿಗೆ ಇದ್ದೂ ಇಲ್ಲದಂತೆ. ಮನೆಯ ಕೊಡೆ, ಇಸ್ತ್ರಿಪೆಟ್ಟಿಗೆ, ಚಪ್ಪಲಿಯ ಅಟ್ಟೆ, ಎಲ್ಲಕ್ಕೂ ಸೀಲು ಬಿದ್ದಿತ್ತು. ಬೀದಿಯವರು ಅವನನ್ನು ಸೀಲಪ್ಪ ಎಂದೇ ಕರೆಯುತ್ತಿದ್ದರು. ಅಸಲು ಹೆಸರು ಅಂಚೆಯವನಿಗೆ ಮಾತ್ರ ಗೊತ್ತಿತ್ತು.

ಈ ಲೋಕದಲ್ಲಿ ಸೀಲಪ್ಪನಿಗೆ ಸ್ವಂತದ್ದು ಎಂದಿದ್ದರೆ ಅದು ಹಿತ್ತಲಿನ ತೋಟ, ಅಲ್ಲಿನ ಸೀಬೆಮರ, ಮರದಡಿಯ ಬೆತ್ತದ ಕುರ್ಚಿ. ಭಾನುವಾರ ಅಲ್ಲಿ ಕೂತರೆ ಯಾರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಆ ಸುಖಕ್ಕೂ ಈಗ ಕಲ್ಲು ಬೀಳುವುದರಲ್ಲಿತ್ತು. ಹೆಂಡತಿಯ ತಮ್ಮ ಕಾರು ಕೊಂಡಿದ್ದ. ಅವನ ಮನೆ ಮುಂದೆ ಅದನ್ನು ನಿಲ್ಲಿಸಲು ಜಾಗವಿರಲಿಲ್ಲ. ಅಕ್ಕನ ಹಿತ್ತಲಿಗೆ ಸಿಮೆಂಟು ಹಾಕಿಸಿ ಶೆಡ್ಡು ಕಟ್ಟಿಸುವುದೆಂದು ಅಕ್ಕ ತಮ್ಮ ಕೂತು ತೀರ್ಮಾನಿಸಿದ್ದರು. ಸೀಲಪ್ಪನಿಗೆ ಸುದ್ದಿ ಮುಟ್ಟಿದ್ದು ಶೆಡ್ಡಿನ ತಗಡು ಯಾವ ಬಣ್ಣದ್ದಿರಬೇಕೆಂಬ ಚರ್ಚೆ ನಡೆಯುವಾಗ.

ಅಷ್ಟರಲ್ಲಿ ದೇವರು ಕಣ್ಣುಬಿಟ್ಟಂತೆ ಲೈಬ್ರರಿಯ ಫಲಕದ ಮೇಲೆ ವನ್ಯಜೀವಿ ಕಚೇರಿಯ ಪ್ರಕಟಣೆಯೊಂದು ಕಂಡಿತು. ಮನೆತೋಟದ ಹಲ್ಲಿ, ಓತಿಕ್ಯಾತ, ಹಾವುರಾಣಿಗಳನ್ನು ಎಣಿಸಿ ದಾಖಲಿಸಬೇಕು; ಅವು ಹೇರಳವಾಗಿರುವ ತೋಟ ರಕ್ಷಿತ ತೋಟವಾಗುತ್ತದೆ; ಅಲ್ಲಿ ಯಾರೂ ಏನನ್ನೂ ಕಟ್ಟುವಂತಿಲ್ಲ. ಸೀಲಪ್ಪ ನಿಂತ ನಿಲುವಿನಲ್ಲೇ ಅರ್ಜಿ ಗೀಚಿದ. ಭಾನುವಾರ ಮಧ್ಯಾಹ್ನ ಕಚೇರಿಯ ಮೇಡಂ ಬಂದು ನೋಡುತ್ತಾರೆ, ಅಷ್ಟರಲ್ಲಿ ಎಣಿಕೆ ಮುಗಿದಿರಲಿ ಎಂದು ಉತ್ತರ ಬಂತು.

ಭಾನುವಾರ ಬೆಳಿಗ್ಗೆ ಸೀಲಪ್ಪ ತೋಟದಲ್ಲಿ ಅಂಬೆಗಾಲಿಕ್ಕಿದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಹಾವುರಾಣಿ ಬಿಸಿಲು ಕಾಯುತ್ತಿತ್ತು. ಅದನ್ನು ಬರೆದುಕೊಂಡು ತಿರುಗಿದರೆ ಹೂಕುಂಡದ ಹಿಂದೆ ಅಂಥದ್ದೇ ಇನ್ನೊಂದು. ಇದು ಅದೋ, ಅದರ ತಮ್ಮನೋ? ಸೀಲಪ್ಪನ ತಲೆ ಕೆಟ್ಟಿತು. ಗುರುತಿಲ್ಲದ ಲೆಕ್ಕವೂ ಒಂದು ಲೆಕ್ಕವೇ? ಸೀಲು ಒತ್ತೋಣವೆಂದರೆ ಹಲ್ಲಿಗಳು ಒಪ್ಪುವ ಲಕ್ಷಣ ಕಾಣಲಿಲ್ಲ. ಒಳಗೆ ಹೋಗಿ ಕನ್ನಡಿಯ ಮುಂದಿದ್ದ ಉಗುರುಬಣ್ಣ ತಂದ. ಅದರ ಕುಂಚವನ್ನು ಪೊರಕೆಕಡ್ಡಿಯ ತುದಿಗೆ ಕಟ್ಟಿ, ಎಣಿಸಿದ ಪ್ರತಿಯೊಂದರ ಬೆನ್ನಿಗೂ ಮೆಲ್ಲಗೆ ಒಂದು ಕೆಂಪು ಚುಕ್ಕೆ ಇಟ್ಟ.

ಬೆಳಗಿನ ಚಳಿಗೆ ಮರಗಟ್ಟಿದ್ದ ಪ್ರಾಣಿಗಳು ಮದುಮಕ್ಕಳಂತೆ ಬೆನ್ನುಕೊಟ್ಟವು. ಕೆಲಸ ಸಲೀಸಾಗಿ ಸಾಗುತ್ತಿರುವಾಗ ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

“ರೀ, ನನ್ನ ಉಗುರುಬಣ್ಣ ನೋಡಿದ್ರಾ?”

ಸೀಲಪ್ಪ ಬೆಚ್ಚಿಬಿದ್ದ. ಶೀಸೆ ಕೈಜಾರಿ ಕಲ್ಲಿನ ಮೇಲೆ ಮಗುಚಿಕೊಂಡಿತು. ಕೆಳಗಿನ ನೆರಳಲ್ಲಿದ್ದ ಓತಿಕ್ಯಾತವೊಂದು ಗಾಬರಿಯಿಂದ ಎದ್ದು, ಚೆಲ್ಲಿದ ಬಣ್ಣದ ಪಕ್ಕದಲ್ಲೇ ಹಾರಿ, ಗೋಡೆಯಾಚೆ ಮಾಯವಾಯಿತು. ಬಣ್ಣದ ಪಕ್ಕದಲ್ಲೋ, ಬಣ್ಣದಲ್ಲೋ? ಅದನ್ನು ನೋಡುವ ವ್ಯವಧಾನ ಅವನಿಗಿರಲಿಲ್ಲ. ಕಲೆಯ ಮೇಲೆ ಹೂಕುಂಡ ಎಳೆದಿಟ್ಟು, ನೋಡಲಿಲ್ಲ ಎಂದು ಕೂಗಿ ಹೇಳಿದ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯಿಂದ ಚೀತ್ಕಾರ ಕೇಳಿತು. ಅಲ್ಲಿದ್ದವರು ನಿವೃತ್ತ ಕಂಪೌಂಡರು. ಡಾಕ್ಟರ ಪಕ್ಕ ನಿಂತು ಮಾತ್ರೆ ಕಟ್ಟಿಕೊಟ್ಟ ಅನುಭವದ ಮೇಲೆ ಬೀದಿಗೆಲ್ಲ ತಾವೇ ಡಾಕ್ಟರೆಂದು ತಿಳಿದಿದ್ದವರು. ಅವರ ಅಂಗಳಕ್ಕೆ ಸೀಲಪ್ಪನ ಗೋಡೆಯ ಕಡೆಯಿಂದ ಕೆಂಪು ತಲೆಯ ಪ್ರಾಣಿಯೊಂದು ನುಗ್ಗಿತ್ತು. ಅದರ ಮೇಲೆ ಬಕೆಟ್ಟು ಕವಿಚಿ, ಇಟ್ಟಿಗೆ ಹೇರಿ, ತಾವು ಬೆಂಚಿನ ಮೇಲೆ ಹತ್ತಿ ನಿಂತಿದ್ದರು. ಇಡೀ ಬೀದಿ ಅಲ್ಲಿ ನೆರೆಯಿತು. ಇದು ಉಸಿರು ಬಿಟ್ಟರೆ ಸಾಕು ಮನುಷ್ಯನ ರಕ್ತ ಹೆಪ್ಪುಗಟ್ಟುತ್ತದೆ ಎಂದು ಕಂಪೌಂಡರು ಘೋಷಿಸಿದರು. ಇದ್ದವರೆಲ್ಲ ಒಟ್ಟಿಗೆ ಉಸಿರು ಬಿಗಿಹಿಡಿದರು.

ಸೀಲಪ್ಪ ಬಕೆಟ್ಟಿನ ಅಂಚೆತ್ತಿ ಇಣುಕಿದ. ತಲೆಯಿಂದ ಭುಜದವರೆಗೆ ಕಡುಗೆಂಪು. ಅಯ್ಯೋ, ಇಡೀ ಶೀಸೆಯಲ್ಲೇ ಮಿಂದುಬಿಟ್ಟಿದೆ ಪಾಪ.

ಕುದಿಯುವ ನೀರು ಸುರಿದು ಕೊಲ್ಲುವುದೆಂದು ತೀರ್ಮಾನವಾಯಿತು. ಆಮೇಲೆ ಸೀಲಪ್ಪನ ತೋಟಕ್ಕೂ ನುಗ್ಗಿ ಇದರ ಬಳಗವನ್ನೆಲ್ಲ ಮುಗಿಸುವುದು. ಸಮಯಕ್ಕೆ ಸರಿಯಾಗಿ ಭಾವಮೈದುನನ ಕಾರು ಬಂದು ನಿಂತಿತು.

“ನಾನು ಮೊದಲೇ ಹೇಳಿದ್ನಲ್ಲ ಭಾವ, ಸಿಮೆಂಟು ಹಾಕಿಸಿದ್ರೆ ಈ ಕಾಟನೇ ಇರಲ್ಲ,” ಎಂದ. ಹೆಂಡತಿ ಹೌದೆಂದು ತಲೆಯಾಡಿಸಿದಳು.

ಹಬೆಯಾಡುವ ಹಂಡೆ ಹೊರಗೆ ಬರುವುದಕ್ಕೂ ಕಚೇರಿಯ ಮೇಡಂ ಗೇಟು ತೆಗೆಯುವುದಕ್ಕೂ ಸರಿಹೋಯಿತು. ಬಣ್ಣ ಬಳಿದದ್ದನ್ನು ಮೇಡಂ ಮುಂದೆ ಬಾಯಿ ಬಿಟ್ಟರೆ ತೋಟ ಹೋಗುತ್ತದೆ, ಬಿಡದಿದ್ದರೆ ಈ ಮೂಕಪ್ರಾಣಿ ಬೇಯುತ್ತದೆ. ಸೀಲಪ್ಪ ಓಡಿಹೋಗಿ ಬಕೆಟ್ಟನ್ನು ತಬ್ಬಿಕೊಂಡ.

“ಇದಕ್ಕೆ ವಿಷ ಇಲ್ಲ, ಏನೂ ಇಲ್ಲ. ಇದು ನನ್ನ ಹೆಂಡತಿ ಉಗುರುಬಣ್ಣ. ಎಲ್ಲದಕ್ಕೂ ನಾನೇ ಹಚ್ಚಿದ್ದು.”

ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. ಮೇಡಂ ಬಕೆಟ್ಟು ಸರಿಸಿ, ಪ್ರಾಣಿಯನ್ನು ನಾಜೂಕಾಗಿ ಹಿಡಿದು, ಕತ್ತಿನ ಮೇಲೆ ಬೆರಳಾಡಿಸಿ ನೋಡಿದರು.

“ಇದು ಬಣ್ಣ ಅಲ್ಲ ಸ್ವಾಮಿ. ಇದು ಗಂಡು ಓತಿಕ್ಯಾತ. ಹೆಣ್ಣು ಹುಡುಕೋ ಕಾಲದಲ್ಲಿ ಇದರ ತಲೆ ತಾನಾಗೇ ಕೆಂಪಾಗುತ್ತೆ. ನೀವು ಸುಮ್ಮನಿದ್ದಿದ್ರೂ ನಾನೇ ಹೇಳ್ತಿದ್ದೆ,” ಎಂದರು. ಆಮೇಲೆ ಕನ್ನಡಕ ಸರಿಪಡಿಸಿಕೊಂಡು ಕೇಳಿದರು, “ಅದಿರಲಿ. ಎಲ್ಲದಕ್ಕೂ ಏನೋ ಹಚ್ಚಿದೆ ಅಂದ್ರಲ್ಲ, ಏನದು?”

ಸೀಲಪ್ಪ ಹಿತ್ತಲ ಕಡೆಗೆ ದಾರಿ ತೋರಿಸಿದ.

ಮೇಡಂ ತೋಟವನ್ನೆಲ್ಲ ಸುತ್ತಿದರು. ಸಂದಿಗೊಂದಿಯಲ್ಲೆಲ್ಲ ಕೆಂಪು ಚುಕ್ಕೆಯ ಬೆನ್ನುಗಳು. ಇಷ್ಟು ಚಿಕ್ಕ ಹಿತ್ತಲಲ್ಲಿ ಇಷ್ಟೊಂದು ಸಂತಾನ ನೋಡಿಲ್ಲ, ಇದನ್ನು ಈ ದಿನದಿಂದಲೇ ರಕ್ಷಿತ ತೋಟ ಮಾಡುತ್ತೇನೆ ಎಂದರು. ಭಾವಮೈದುನನ ಮುಖ ಹುಳ್ಳಗಾಯಿತು. ಸೀಲಪ್ಪನಿಗೆ ಕುಣಿಯುವಷ್ಟು ಸಂತೋಷವಾಯಿತು.

“ಆದರೆ ಈ ಪ್ರಾಣಿಗಳಿಗೆ ಇಲ್ಲಿ ಇರೋ ಅಪಾಯ ಅಂದ್ರೆ ನೀವೊಬ್ಬರೇ. ಇನ್ನು ಮುಂದೆ ನೀವು ಒಳಗೆ ಕಾಲಿಡೋ ಹಾಗಿಲ್ಲ.”

ಹಿತ್ತಲ ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈ ಕಂಪೌಂಡರ ಪಾಲಾಯಿತು. ಜನರ ಕೈಗೆ ಸಿಗದಂತೆ ಪ್ರಾಣಿಯನ್ನು ಬಕೆಟ್ಟಿನಡಿ ಕಾಪಾಡಿದ್ದು ತಾವೇ ಎಂದು ಅವರು ಆಗಲೇ ಮೇಡಂಗೆ ನಂಬಿಸಿಯಾಗಿತ್ತು. ಭಾವಮೈದುನ ತನ್ನ ಕಾರನ್ನು ಮನೆಯ ಮುಂದಿನ ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಿದ. ಹೊಸ ಉಗುರುಬಣ್ಣ ತರುವವರೆಗೆ ಒಳಗೂ ಜಾಗವಿಲ್ಲವೆಂದು ಹೆಂಡತಿ ತಿಳಿಸಿದಳು.

ಬೀಗದ ಮೇಲೆ ಚೀಟಿ ಅಂಟಿಸಿ ಕಚೇರಿಯ ಸೀಲು ಒತ್ತಬೇಕಿತ್ತು. ಮೇಡಂ ಮಸಿಪ್ಯಾಡು ಮರೆತು ಬಂದಿದ್ದರು. ಅಭ್ಯಾಸಬಲದಿಂದ ಸೀಲಪ್ಪ ಜೇಬಿಗೆ ಕೈಹಾಕಿ ತನ್ನದನ್ನೇ ತೆಗೆದುಕೊಟ್ಟ. ಮೇಡಂ ಒತ್ತಿದ ಸೀಲು ಓರೆಯಾಗಿ ಬಿತ್ತು. ಅದನ್ನು ನೋಡಲಾರದೆ, ಅವರ ಕೈಯಿಂದ ಸೀಲು ಇಸಿದುಕೊಂಡು, ಇನ್ನೊಮ್ಮೆ ನೆಟ್ಟಗೆ, ಅಚ್ಚುಕಟ್ಟಾಗಿ ಒತ್ತಿಕೊಟ್ಟವನೂ ಅವನೇ.