ಗಡ್ಡದ ತಕರಾರು

ದೇಶದ ರಕ್ಷಣೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಗಡಿಯಲ್ಲಿ ಚಳಿ ಗಾಳಿ ಅನ್ನದೆ ನಿಂತು ಕಾಯುವವರಿಗೆ ಎರಡೂ ಕೈಯೆತ್ತಿ ಮುಗಿಯುತ್ತೇನೆ. ಆದರೆ ಹಾಗೆ ಇಪ್ಪತ್ತೆಂಟು ವರ್ಷ ಕಾದವರು ರಿಟೈರಾದ ಮೇಲೆ ಯಾರನ್ನು ಕಾಯಬೇಕು ಅನ್ನುವುದನ್ನು ಯಾವ ಸರ್ಕಾರವೂ ಯೋಚಿಸಿಲ್ಲ. ನನ್ನ ಮಾವ ಸುಬೇದಾರ್ ದೊಡ್ಡಬೀರಯ್ಯನವರು ಯೋಚಿಸಿದರು. ಭೀಮನಬೀಡಿನ ತಮ್ಮ ಮನೆಗೆ ಬೀಗ ಹಾಕಿ, ಕಪ್ಪು ಟ್ರಂಕು ಹೊತ್ತುಕೊಂಡು ಚಾಮರಾಜನಗರದ ನಮ್ಮ ಮನೆಗೆ ಬಂದು ನನ್ನನ್ನು ಕಾಯಲು ಶುರುಮಾಡಿದರು.

ನಾನು ಶಾಂತರಾಜು. ಸರ್ಕಾರಿ ಕಚೇರಿಯೊಂದರಲ್ಲಿ ಎರಡನೇ ದರ್ಜೆ ಗುಮಾಸ್ತ. ಎಂಟಕ್ಕೆ ಏಳುವುದು, ವಾರಕ್ಕೆರಡು ಸಲ ಗಡ್ಡ ಕೆರೆಯುವುದು, ಭಾನುವಾರ ಮುದ್ದೆ ಮಟನ್ ಸಾರು ಬಾರಿಸಿ ಸಂಜೆಯ ತನಕ ಮಲಗುವುದು, ಇಷ್ಟೇ ನನ್ನ ಸಂವಿಧಾನ. ಇದಕ್ಕೊಂದು ತಿದ್ದುಪಡಿ ತರಲು ನನ್ನ ಹೆಂಡತಿ ಕುಮಾರಿ ಆರು ವರ್ಷ ಹೋರಾಡಿ ಸೋತಿದ್ದಳು. ಈಗ ಅವಳ ಕಡೆಗೆ ಸೈನ್ಯವೇ ಬಂದಿತ್ತು.

"ಅಪ್ಪ ಹದಿನೈದು ದಿನ ಇದ್ದು ಓಯ್ತಾರೆ ಕಣ್ರೀ. ವಸಿ ತಗ್ಗಿ ಬಗ್ಗಿ ನಡ್ಕಳಿ," ಅಂದಳು. ಹದಿನೈದು ದಿನ ಎರಡು ತಿಂಗಳಾಯಿತು.

ಬೆಳಿಗ್ಗೆ ಐದಕ್ಕೆ ಸರಿಯಾಗಿ ನನ್ನ ಹೊದಿಕೆ ಮೇಲೆದ್ದು ಹೋಗುತ್ತಿತ್ತು. (ನಾನು ಅದರ ಹಿಂದೆಯೇ ಏಳುತ್ತಿದ್ದೆ.) ಅಂಗಳದಲ್ಲಿ ಅಟೆನ್ಷನ್ನಲ್ಲಿ ನಿಲ್ಲಬೇಕು. ಚಪ್ಪಲಿ ಗೋಡೆಯಿಂದ ಒಂದು ಗೇಣು ದೂರದಲ್ಲಿ ಸಾಲಾಗಿರಬೇಕು. ಹಾಸಿಗೆ ಮಡಿಸಿದರೆ ನಾಲ್ಕು ಮೂಲೆಯೂ ಕೂಡಬೇಕು. ಇದೆಲ್ಲ ಹಾಳಾಗಿಹೋಗಲಿ, ಸಹಿಸಿಕೊಂಡೆ. ಸಹಿಸಲಾಗದೇ ಹೋದದ್ದು ಗಡ್ಡದ ಇನ್‌ಸ್ಪೆಕ್ಷನ್ನು.

ದಿನಾ ಗಡ್ಡ ಕೆರೆದುಕೊಂಡು ಮಾವನ ಮುಂದೆ ಗಲ್ಲ ಎತ್ತಿ ನಿಲ್ಲಬೇಕು. ಅವರು ಒಂದು ಚೂರು ಹತ್ತಿ ತೆಗೆದು ನನ್ನ ಗಲ್ಲದ ಮೇಲೆ ಮೆಲ್ಲಗೆ ಎಳೆಯುವರು. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಫೇಲು. "ಇನ್ನೊಂದ್ ದಪ ಕೆರೀರಿ ಅಳಿಯಂದ್ರೇ," ಅನ್ನುವರು. ಮಾತು ಬಹುವಚನವೇ, ಮರ್ಯಾದೆಗೇನೂ ಕೊರತೆಯಿಲ್ಲ. ನನ್ನ ಚರ್ಮವೋ ಬಲು ನಾಜೂಕು. ವಾರ ಕಳೆಯುವಷ್ಟರಲ್ಲಿ ಕೆನ್ನೆ ತುಂಬ ಕೆಂಪು ಗುಳ್ಳೆ ಎದ್ದು, ಕಚೇರಿಯಲ್ಲಿ ಸಹೋದ್ಯೋಗಿ ಗುರುಪಾದಸ್ವಾಮಿ "ಅಮ್ಮ ಎದ್ದವ್ಳೇನೋ ಮಾರಾಯ?" ಅಂತ ಸೀತಾಳೆ ಸಿಡುಬಿಗೆ ಹೆದರಿ ಕುರ್ಚಿಯನ್ನು ದೂರಕ್ಕೆ ಎಳೆದುಕೊಂಡ.

ಗುಮಾಸ್ತನ ಬಳಿ ಬೇರೆ ಆಯುಧ ಏನಿರುತ್ತದೆ? ಬಿಳಿ ಹಾಳೆ ತೆಗೆದುಕೊಂಡು ಒಂದು ತಕರಾರು ಅರ್ಜಿ ಬರೆದೆ. 'ಈ ಮೂಲಕ ತಮ್ಮ ದಿವ್ಯ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅರ್ಜಿದಾರನು ಸೈನಿಕನಲ್ಲ, ಸೈನಿಕನಾಗುವ ಉದ್ದೇಶವೂ ಇಲ್ಲ. ಆದಕಾರಣ ಅವನ ಗಲ್ಲವು ಸೇನಾ ಶಿಸ್ತಿನ ವ್ಯಾಪ್ತಿಗೆ ಒಳಪಡುವುದಿಲ್ಲ.' ಕೆಳಗೆ ಸಹಿ, ದಿನಾಂಕ. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಅದರ ಮೇಲೆಯೇ ಕೆಂಪು ಪೆನ್ಸಿಲಿನಲ್ಲಿ ಬರೆದರು: 'ಪರಿಶೀಲಿಸಿದೆ. ವಜಾ. ಅಂಗಳಕ್ಕೆ ಹತ್ತು ಸುತ್ತು.'

ಕುಮಾರಿ ಅಡುಗೆಮನೆ ಬಾಗಿಲಲ್ಲಿ ನಿಂತು ಸುತ್ತುಗಳನ್ನು ಎಣಿಸಿದಳು. ನಾನು ಒಂಬತ್ತಕ್ಕೆ ನಿಂತಾಗ, "ಇನ್ನೊಂದದೆ," ಅಂದಳು. ಕೈಹಿಡಿದವಳು!

ಅದಾದ ಮೂರನೆಯ ದಿನ ನಾನು ಆ ಮಹಾಪರಾಧ ಮಾಡಿದೆ. ಮಾವ ಸೋಪಿನ ನೊರೆ ತುಂಬಿದ ಬಟ್ಟಲು ಹಿಡಿದು, "ಇವತ್ತು ನಾನೇ ಕೆರೆದು ತೋರುಸ್ತೀನಿ, ಕುಂತ್ಕಳಿ" ಎಂದು ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜತೊಡಗಿದರು. ಆ ಸದ್ದಿಗೆ ಜೀವ ಬಾಯಿಗೆ ಬಂತು. ಬಾಯಿಗೆ ಬಂದ ಜೀವದ ಜೊತೆಗೆ ಒಂದು ಮಾತೂ ಬಂತು.

"ಮುಟ್ಟಬೇಡಿ ಮಾವ! ಗಡ್ಡ ಮಾದಪ್ಪನಿಗೆ ಬಿಟ್ಟಿದ್ದೀನಿ!"

ಕತ್ತಿ ನಿಂತಿತು. ನಮ್ಮ ಸೀಮೆಯಲ್ಲಿ ಮಲೆಯ ಮಾದಪ್ಪನ ಹೆಸರು ಹೇಳಿದರೆ ಯಮನೂ ಒಂದು ಗಳಿಗೆ ನಿಲ್ಲುತ್ತಾನೆ. ಇನ್ನು ಸುಬೇದಾರ್ ಯಾವ ಲೆಕ್ಕ?

"ಯಾವಾಗ ಒತ್ಕಂಡ್ರಿ ಹರಕೆ? ಯಾತಕ್ಕೆ?"

ಅಲ್ಲಿಗೆ ಸುಮ್ಮನಾಗಿದ್ದರೆ ನಾನು ಬದುಕುತ್ತಿದ್ದೆ. ಒಂದು ಸುಳ್ಳಿಗೆ ಒಗ್ಗರಣೆ ಹಾಕುವ ಚಪಲ ನನ್ನದು. "ನೀವು ಕಾಶ್ಮೀರದಲ್ಲಿ ಇದ್ರಲ್ಲ ಮಾವ, ಆಗ. ನಮ್ ಮಾವ ಕ್ಷೇಮವಾಗಿ ವಾಪಸ್ ಬಂದ್ರೆ ಶ್ರಾವಣದಿಂದ ಗಡ್ಡ ಬಿಟ್ಟು ದೀಪಾವಳಿಗೆ ಬಂದು ಮುಡಿ ಕೊಡ್ತೀನಿ ಅಂತ ಬೇಡ್ಕಂಡಿದ್ದೆ." ಆಗಷ್ಟೇ ಶ್ರಾವಣ ಹುಟ್ಟಿತ್ತು. ದೀಪಾವಳಿಯ ಹೊತ್ತಿಗೆ ಈ ಮಹಾನುಭಾವರು ಭೀಮನಬೀಡು ಸೇರಿರುತ್ತಾರೆ ಅನ್ನುವುದು ನನ್ನ ಲೆಕ್ಕಾಚಾರ.

ಮಾವ ಬಟ್ಟಲು ಕೆಳಗಿಟ್ಟರು. ಮೂರು ಯುದ್ಧ ಕಂಡ ಆ ಕಣ್ಣಲ್ಲಿ ನೀರು ಬಂತು. "ನನ್ ಸ್ವಂತ ತಮ್ಮ ಪುಟ್ಟಮಾದಯ್ಯ ಒಂದಿನ ಒಂದು ಕಾಯಿ ಒಡೀಲಿಲ್ಲ ನನ್ ಎಸರಲ್ಲಿ. ನೀವು ಮುಡಿ ಬುಟ್ರಾ ಅಳಿಯಂದ್ರೇ?" ಎಂದು ನನ್ನ ಕೈ ಹಿಡಿದುಕೊಂಡರು. ನಿಜ ಹೇಳುತ್ತೇನೆ, ನಾಚಿಕೆಯಾಯಿತು. ಗಡ್ಡ ಉಳಿದ ಸಂತೋಷದಲ್ಲಿ ನಾಚಿಕೆ ಬೇಗ ಹೋಯಿತು ಅನ್ನುವುದೂ ನಿಜ.

ಸಂತೋಷ ಬಾಳಿದ್ದು ಮಾರನೆಯ ಬೆಳಿಗ್ಗೆ ನಾಲ್ಕರವರೆಗೆ. ಐದಲ್ಲ, ನಾಲ್ಕು.

"ಹರಕೆ ಒತ್ತೋರು ಹೊತ್ತಾರೆನೇ ತಣ್ಣೀರ್ ಸ್ನಾನ ಮಾಡ್ಬೇಕು," ಎಂದು ಮಾವ ನನ್ನಿಂದಲೇ ಬಾವಿಯಿಂದ ಸೇದಿಸಿದ ಕೊಡವನ್ನು ನೇರ ನನ್ನ ನೆತ್ತಿಗೆ ಸುರಿದರು. ಮಾದಪ್ಪನ ಒಕ್ಕಲಿನ ಕಟ್ಟಳೆಗಳಿಗೂ ಮಿಲಿಟ್ರಿ ಕಟ್ಟಳೆಗಳಿಗೂ ಅವರು ಮದುವೆ ಮಾಡಿಸಿಬಿಟ್ಟಿದ್ದರು. ಹಾಸಿಗೆ ಹೋಗಿ ಚಾಪೆ ಬಂತು. ದಿಂಬು ಜಪ್ತಿಯಾಯಿತು. ಸೋಮವಾರ ಒಪ್ಪತ್ತು. ಮಟನ್ನಿನ ಮಾತೆತ್ತುವ ಹಾಗಿಲ್ಲ.

"ಭಾನುವಾರ ಒಂದಿನ, ಒಂದೇ ಒಂದು ಮೂಳೆ ಕಣೇ," ಎಂದು ಕುಮಾರಿಯ ಕಿವಿಯಲ್ಲಿ ಬೇಡಿಕೊಂಡೆ.

"ಮಾದಪ್ಪನ್ ಮುಡಿ ಮಡಿಕಂಡು ಮೂಳೆ ಕಡೀತೀರಾ? ಅಪ್ಪಂಗೆ ಯೋಳ್ಲಾ?"

"ಬೇಡ ಬುಡು."

ಭಾನುವಾರ ಅವರಿಬ್ಬರೂ ಎದುರಿಗೆ ಕೂತು ಮಟನ್ ಸಾರು ಉಂಡರು. ನನಗೆ ಹುರುಳಿಕಾಳಿನ ಸಾರು. ಅತ್ತ ಗಡ್ಡವೂ ಸುಮ್ಮನಿರಲಿಲ್ಲ, ಕೆರೆದುಕೊಳ್ಳಬೇಕೆನಿಸುವ ಹಾಗೆ ಬೆಳೆಯಿತು. ಮಾವ ದೀಪಾವಳಿಗೆ ಮೊದಲು ಊರಿಗೆ ಹೋಗುತ್ತಾರೇನೋ ಅಂತ ದಿನಾ ಬೆಳಿಗ್ಗೆ ಟ್ರಂಕಿನ ಕಡೆ ನೋಡುತ್ತಿದ್ದೆ. ಅದು ಇದ್ದಲ್ಲೇ ಇತ್ತು.

ದೀಪಾವಳಿ ಬಂತು. ಕೊಳ್ಳೇಗಾಲದವರೆಗೆ ಮಾತ್ರ ಬಸ್ಸು, ಅಲ್ಲಿಂದ ಬೆಟ್ಟದವರೆಗೆ ಬರಿಗಾಲ ನಡಿಗೆ ಎಂದು ಮಾವನ ಆಜ್ಞೆಯಾಯಿತು. ಕುಮಾರಿ ಬಸ್ಸಿನಲ್ಲೇ ಮುಂದೆ ಹೋಗಿ ಬೆಟ್ಟದಲ್ಲಿ ಕಾಯುವುದು. ಮೂರು ದಿನ ನಡೆದೆವು. ದಾರಿಯುದ್ದಕ್ಕೂ ಜನ "ಉಘೇ ಮಾದಪ್ಪ" ಅಂದರೆ ಮಾವ ಅದರ ತಾಳಕ್ಕೇ "ಲೆಫ್ಟ್ ರೈಟ್" ಹಾಕಿಸುತ್ತಿದ್ದರು. ನನ್ನ ಅಂಗಾಲಿನ ಕಥೆಯನ್ನು ಊಟದ ಹೊತ್ತಿನಲ್ಲಿ ಓದುವವರೂ ಇರಬಹುದಾದ್ದರಿಂದ ಬಿಡುತ್ತೇನೆ.

ತೊಂಬತ್ತಮೂರನೇ ಇಸವಿ ಅದು. ಗಂಧ, ದಂತ ಕದಿಯುವ ಕಾಡುಗಳ್ಳನ ಬೇಟೆಗೆಂದು ಆ ಕಾಡಿನಲ್ಲಿ ಹೆಜ್ಜೆಗೊಂದು ಪೊಲೀಸ್ ಚೆಕ್‌ಪೋಸ್ಟು. ಗಡ್ಡ ಮೀಸೆ ಬಿಟ್ಟು ಕುಂಟುತ್ತಾ ಬರುವ ಬಡಕಲು ಮನುಷ್ಯನನ್ನು ಆಗ ಅಲ್ಲಿ ಯಾವ ಕಣ್ಣಿಂದ ನೋಡುತ್ತಿದ್ದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ನನ್ನ ಚೀಲ ಕಿತ್ತುಕೊಂಡ, ಇನ್ನೊಬ್ಬ "ಎಷ್ಟು ಜನ ಇದೀರಲಾ ಒಳಗೆ?" ಎಂದು ಕೊರಳಪಟ್ಟಿ ಹಿಡಿದ. ನಾನು ಗುಮಾಸ್ತ ಅಂದರೆ ನಂಬಲಿಲ್ಲ. ಕಡೆಗೆ ಮಾವನೇ ಮುಂದೆ ಬಂದು, ಎದೆ ಸೆಟೆಸಿ, "ಸುಬೇದಾರ್ ದೊಡ್ಡಬೀರಯ್ಯ. ಇವ್ರು ನನ್ ಅಳಿಯ. ನನ್ ಜೀವ ಉಳೀಲಿ ಅಂತ ಮುಡಿ ಒತ್ತವ್ರೆ!" ಎಂದು ಗುಡುಗಿದರು. ಪೊಲೀಸರು ಅವರಿಗೆ ಸೆಲ್ಯೂಟ್ ಹೊಡೆದು ನನಗೆ ಟೀ ಕೊಟ್ಟರು. ಆ ಟೀ ಕುಡಿಯುವಾಗ ಮಾವನ ಮೇಲೆ ಪ್ರೀತಿಯೇ ಬಂತೆಂದು ಒಪ್ಪಿಕೊಳ್ಳುತ್ತೇನೆ.

ಬೆಟ್ಟದ ಮೇಲೆ ಕ್ಷೌರಿಕನ ಮುಂದೆ ಕೂತಾಗಷ್ಟೇ ನನಗೆ ಹೊಳೆದದ್ದು: ಮುಡಿ ಅಂದರೆ ಗಡ್ಡ ಮಾತ್ರವಲ್ಲ. ಮೀಸೆ ಹೋಯಿತು. ನಡುಬೈತಲೆ ತೆಗೆದು ಎಣ್ಣೆ ಹಚ್ಚಿ ಸಾಕಿದ್ದ ಕ್ರಾಪೂ ಹೋಯಿತು. ಗಲ್ಲ ಉಳಿಸಿಕೊಳ್ಳಲು ಹೋಗಿ ಇಡೀ ತಲೆಯನ್ನೇ ಒಪ್ಪಿಸಿ ಎದ್ದೆ. ಆದರೂ ಮನಸ್ಸು ಹಗುರವಾಗಿತ್ತು, ಹರಕೆ ತೀರಿತ್ತಲ್ಲ. ಇನ್ನು ಮಾವ ಊರಿಗೆ ಹೊರಟರೆ ನಾನೇ ಒಂದು ಈಡುಗಾಯಿ ಒಡೆಯುವವನಿದ್ದೆ.

ಮಾವ ಕುಮಾರಿಯ ಜೊತೆ ದೇವಸ್ಥಾನದಿಂದ ಹೊರಬಂದರು. ಹಣೆ ತುಂಬ ವಿಭೂತಿ.

"ಅಳಿಯಂದ್ರೇ, ನಿಜ ಯೋಳ್ಬೇಕು ಅಂದ್ರೆ ಶ್ರಾವಣದಲ್ಲೇ ನಾ ಊರಿಗೆ ಹೊರಟುಬುಟ್ಟಿದ್ದೆ. ನೀವು ಮುಡಿ ವಿಸ್ಯ ಯೋಳಿದ್ರಲ್ಲ, ಅದ್ರ ಮಾರನೇ ದಿನಕ್ಕೇ ಬಸ್ಸು ನೋಡಿದ್ದೆ. ಇಂಥ ಅಳಿಯನ್ನ ಬುಟ್ಟು ಎಂಗೆ ಓಗಾದು ಅಂತ ಉಳ್ಕಂಡೆ." ಕಣ್ಣೊರೆಸಿಕೊಂಡರು. "ಈಗ ಸ್ವಾಮಿ ಮುಂದೆ ನಾನೂ ಹರಕೆ ಒತ್ಕಂಡೆ. ಐದು ವರ್ಸ ನಿಮ್ ಮನೇಲೇ ಇರ್ತೀನಿ. ವರ್ಸಾ ವರ್ಸಾ ನಿಮ್ನ ಇಂಗೇ ನಡುಸ್ಕಂಡು ಬಂದು ಮುಡಿ ಕೊಡುಸ್ತೀನಿ."

ಬೋಳುತಲೆಯ ಮೇಲೆ ಬಿಸಿಲು ಚುರ್ರೆಂದಿತು. ಮಾವ ಪ್ರಸಾದದ ಸಾಲಿಗೆ ಹೋದದ್ದೇ ತಡ, ಕುಮಾರಿಯನ್ನು ಪಕ್ಕಕ್ಕೆ ಎಳೆದೆ. "ನಿಮ್ಮಪ್ಪಂಗೆ ಹೇಗಾದರೂ ಮಾಡಿ ಹರಕೆ ಬಿಡಿಸೇ! ನಿನ್ನ ದಮ್ಮಯ್ಯ. ನನ್ನದು ಸುಳ್ಳು ಹರಕೆ ಕಣೇ!"

"ಅವತ್ತೇ ಗೊತ್ತಾಯ್ತು ಕಣ್ರೀ."

"ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ?"

"ನಾಲ್ಕ್ ಗಂಟೆಗೆ ಏಳ್ತಿದ್ರಿ. ಹಾಸ್ಗೆ ಮಡುಸ್ತಿದ್ರಿ. ನೀರು ಸೇದ್ತಿದ್ರಿ. ನಾನ್ಯಾಕೆ ಬಾಯಿ ಬುಡ್ಲಿ?" ಎಂದು ನನ್ನ ಬೋಳುತಲೆಗೆ ಗಂಧ ಸವರಿದಳು. "ಇನ್ನೊಂದ್ ಮಾತು. ಅಪ್ಪ ಹರಕೆ ಒತ್ತಾಗ ಮೂರೇ ವರ್ಸ ಅಂದಿದ್ರು. ಐದು ಅನ್ನಿ ಅಂತ ಯೋಳ್ಕೊಟ್ಟೋಳು ನಾನು."